ಮನೆಯ ಗಣಕವೂ ಸರ್ವರ್ ಆದ ಕಥೆ

ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋಗುವ ಸಂಗತಿಗಳು ಅನೇಕ. ಅವುಗಳಲ್ಲಿ ಒಂದನ್ನು ಇಲ್ಲಿ ತುಸು ವಿವರವಾಗಿ ನೋಡೋಣ.

ನೀವು ಸವದತ್ತಿ ತಾಲ್ಲೂಕಿನ ಹೂಲಿಯವರು ಎಂದಿಟ್ಟುಕೊಳ್ಳಿ. ಶಾಸನಗಳು ‘ಪೂಲಿ’ ಎಂದು ಕರೆಯುವ, ಸಾವಿರ ಮಹಾಜನರ ಅಗ್ರಹಾರವಾಗಿದ್ದ ಊರು ಅದು. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯದ ಬಗ್ಗೆ, ಚಾಲುಕ್ಯರ ಕಾಲದ ಶಾಸನಗಳ ಬಗ್ಗೆ ನಾಲ್ಕು ಜಾಲಪುಟಗಳನ್ನು ಬರೆಯಲು ಹೊರಟಿದ್ದೀರಿ. ಚಿತ್ರಗಳಿವೆ, ಬರಹವಿದೆ, ಪುಟದಿಂದ ಪುಟಕ್ಕೆ ಕೊಂಡಿಗಳಿವೆ. ಇವೆಲ್ಲ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡುವುದು ಹೇಗೆ? ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ದೊಡ್ಡ ಯಂತ್ರವೊಂದರಲ್ಲಿ ಬಾಡಿಗೆಗೆ ಜಾಗ ಹಿಡಿಯಬೇಕೆಂದು ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಮನೆಯ ಗಣಕವೇ ಸಾಕು, ಇಂಟರ್‌ನೆಟ್ ಸಂಪರ್ಕವೂ ಬೇಡ. ಆದರೆ ಈ ‘ಸಾಕು’ ಎಂಬ ಮಾತಿನ ಹಿಂದೆ ಒಂದು ಜಗಳದ ಇತಿಹಾಸವಿದೆ.

ಮೊದಲು ಸರ್ವರ್ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳೋಣ. ಅದೊಂದು ಕೆಲಸದ ಹೆಸರು. ಯಾರಾದರೂ ‘ಇಂಥ ಪುಟ ಕೊಡಿ’ ಎಂದು ಕೇಳುವವರೆಗೆ ಕಾಯುವುದು, ಕೇಳಿದಾಗ ಕೊಡುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು, ಇಷ್ಟೇ. ಆ ‘ಇಲ್ಲ’ದ ಸಂಖ್ಯೆಯೇ ನೀವು ಎಷ್ಟೋ ಸಲ ಕಂಡಿರುವ 404. ಕೇಳುವ ತಂತ್ರಾಂಶವೂ ಕೊಡುವ ತಂತ್ರಾಂಶವೂ ಒಂದೇ ಗಣಕದಲ್ಲಿರಲು ಯಾವ ಅಡ್ಡಿಯೂ ಇಲ್ಲ. ಇದಕ್ಕಾಗಿಯೇ 127ರಿಂದ ಆರಂಭವಾಗುವ ಎಲ್ಲ ವಿಳಾಸಗಳನ್ನು ಇಂಟರ್‌ನೆಟ್ಟಿನ ನಿಯಮಗಳು ಕಾದಿರಿಸಿವೆ. ಒಟ್ಟು 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು. ನಾವು ಬಳಸುವುದು ಹೆಚ್ಚಾಗಿ 127.0.0.1 ಒಂದನ್ನೇ! ಈ ವಿಳಾಸಕ್ಕೆ ಹೊರಟ ಕೋರಿಕೆ ತಂತಿಯನ್ನು ಮುಟ್ಟುವುದೇ ಇಲ್ಲ, ಗಣಕದೊಳಗೇ ತಿರುಗಿ ಬರುತ್ತದೆ. ಪ್ರಸಾರಕ್ಕೆ ಮುನ್ನ ಕಾರ್ಯಕ್ರಮವನ್ನು ಸ್ಟುಡಿಯೋದ ಮಾನಿಟರಿನಲ್ಲಿ ನಾವು ನೋಡುತ್ತೇವಲ್ಲ, ಹಾಗೆ.

ಮೊದಲ ವೆಬ್ ಸರ್ವರ್ ಕೂಡ ಮೇಜಿನ ಮೇಲಿನ ಗಣಕವೇ ಆಗಿತ್ತು. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ನೆಕ್ಸ್ಟ್ ಗಣಕದಲ್ಲಿ ಅದನ್ನು ನಡೆಸಿದರು. ಇದು ಸರ್ವರ್, ಯಾರೂ ಆರಿಸಬೇಡಿ ಎಂಬ ಅರ್ಥದ ಕೈಬರಹದ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಅವರ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದಷ್ಟೇ ಅಲ್ಲ, ಬರೆಯುವುದೂ ಸಾಧ್ಯವಿತ್ತು. ಓದುಗನೂ ಪ್ರಕಾಶಕನೂ ಒಬ್ಬನೇ ಆಗಬಹುದೆಂಬ ಕಲ್ಪನೆ ಅದು. ಒಂದೇ ದಿಕ್ಕಿನಲ್ಲಿ ಮಾತನಾಡುವ ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಈ ಕಲ್ಪನೆ ಇಂದಿಗೂ ಸೋಜಿಗವೆನಿಸುತ್ತದೆ.

ಜಗಳ ಹುಟ್ಟಿದ್ದು 1996ರಲ್ಲಿ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎನ್‌ಟಿ 4.0 ಎರಡು ರೂಪಗಳಲ್ಲಿ ಬರಲಿತ್ತು: ಅಗ್ಗದ ವರ್ಕ್‌ಸ್ಟೇಷನ್, ನೂರಾರು ಡಾಲರ್ ಹೆಚ್ಚು ಬೆಲೆಯ ಸರ್ವರ್. ಹತ್ತು ನಿಮಿಷಗಳಲ್ಲಿ ಹತ್ತಕ್ಕಿಂತ ಹೆಚ್ಚು ಗಣಕಗಳು ಸಂಪರ್ಕಿಸದಂತೆ ವರ್ಕ್‌ಸ್ಟೇಷನ್ನಿನ ಪರೀಕ್ಷಾ ಪ್ರತಿಯಲ್ಲೇ ಬೀಗ ಹಾಕಲಾಗಿತ್ತು. ಪುಸ್ತಕ ಪ್ರಕಾಶಕ ಟಿಮ್ ಓ’ರೈಲಿ ಗಟ್ಟಿಯಾಗಿ ವಿರೋಧಿಸಿದರು. (ಅವರ ಕಂಪನಿಯೂ ವಿಂಡೋಸಿಗಾಗಿ ಒಂದು ವೆಬ್ ಸರ್ವರನ್ನು ಮಾರುತ್ತಿತ್ತೆಂಬುದನ್ನು ಮರೆಯಬಾರದು.) ಬೀಗ ತೆಗೆಯಲಾಯಿತು, ಆದರೆ ಪರವಾನಗಿ ಪತ್ರದಲ್ಲಿ ಷರತ್ತು ಹಾಗೆಯೇ ಉಳಿಯಿತು. ಅದೇ ವರ್ಷ ಆಂಡ್ರ್ಯೂ ಶುಲ್ಮನ್ ಮತ್ತು ಮಾರ್ಕ್ ರುಸಿನೋವಿಚ್ ಎರಡೂ ರೂಪಗಳನ್ನು ಬಿಚ್ಚಿ ನೋಡಿದರು. ಒಳಗಿನ ತಿರುಳು ಒಂದೇ. ವ್ಯವಸ್ಥೆ ತನ್ನ ವಿವರಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದೆರಡು ನಮೂದುಗಳು ಬೇರೆ, ಅವುಗಳನ್ನು ಓದಿ ವ್ಯವಸ್ಥೆ ತನ್ನ ನಡತೆಯನ್ನು ಬದಲಿಸಿಕೊಳ್ಳುತ್ತಿತ್ತು. ಸರ್ವರ್ ಆಗುವ ಶಕ್ತಿ ಯಂತ್ರದಲ್ಲಿತ್ತು, ಅಪ್ಪಣೆ ಮಾತ್ರ ಬೆಲೆಪಟ್ಟಿಯಲ್ಲಿತ್ತು. ಆ ರುಸಿನೋವಿಚ್ 2006ರಲ್ಲಿ ಅದೇ ಮೈಕ್ರೋಸಾಫ್ಟನ್ನು ಸೇರಿದರೆಂಬುದು ಬೇರೆ ಮಾತು.

ಮನೆ ಬಳಕೆಯ ವ್ಯವಸ್ಥೆಗೂ ಬಾಗಿಲು ತೆರೆಯಿತು. 1998ರ ವಿಂಡೋಸ್ 98ರ ಸಿ.ಡಿ.ಯಲ್ಲೇ ಪರ್ಸನಲ್ ವೆಬ್ ಸರ್ವರ್ ಎಂಬ ಪುಟ್ಟ ತಂತ್ರಾಂಶವಿತ್ತು, ಹುಡುಕಿ ಹಾಕಿಕೊಳ್ಳಬೇಕಿತ್ತಷ್ಟೆ. ಸ್ವಯಂಸೇವಕರು 1995ರಲ್ಲಿ ಕಟ್ಟಿದ ಉಚಿತ ಅಪಾಚೆ ಸರ್ವರ್ ಕೂಡ ಅದೇ 1998ರಲ್ಲಿ, 1.3ನೇ ಆವೃತ್ತಿಯೊಂದಿಗೆ, ವಿಂಡೋಸಿಗೆ ಬಂತು. 2002ರಲ್ಲಿ ಬಂದ ಎಕ್ಸ್‌ಎಎಂಪಿಪಿ ಎಂಬ ಕಟ್ಟು ಅಪಾಚೆಯನ್ನೂ ದತ್ತಸಂಚಯವನ್ನೂ ಒಂದೇ ಸಲಕ್ಕೆ ಸ್ಥಾಪಿಸುವಂತೆ ಮಾಡಿತು.

ನಮ್ಮ ದೇಶದಲ್ಲಿ ಇದರ ಬೆಲೆ ಹೆಚ್ಚು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ದೂರವಾಣಿಯ ಮೂಲಕ ಬರುವ, ಗಂಟೆಗಳ ಲೆಕ್ಕದ ಸಂಪರ್ಕ. ವಿದ್ಯಾರ್ಥಿಗಳ ಅಗ್ಗದ ಖಾತೆಯಲ್ಲಿ ಬರಿಯ ಅಕ್ಷರಗಳು ಕಾಣುತ್ತಿದ್ದವು, ಚಿತ್ರಗಳಿಲ್ಲ. ತನ್ನ ಗಣಕದಲ್ಲೇ ಸರ್ವರ್ ನಡೆಸುವವನಿಗೆ ಈ ಗಡಿಯಾರದ ಭಯವಿರಲಿಲ್ಲ. ರಾತ್ರಿಯಿಡೀ ತಪ್ಪಿ ತಿದ್ದಿ ಕಲಿಯಬಹುದಿತ್ತು.

ಮತ್ತೆ ಬಾಗಿಲು ಮುಚ್ಚಿದ್ದು ಸಕಾರಣವಾಗಿಯೇ. 2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು ಮೈಕ್ರೋಸಾಫ್ಟ್ ಸರ್ವರಿನ ದೋಷವೊಂದನ್ನು ಹಿಡಿದು, ಹದಿನಾಲ್ಕು ಗಂಟೆಗಳೊಳಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹೊಕ್ಕಿತು. ತಮ್ಮ ಗಣಕದಲ್ಲಿ ಸರ್ವರ್ ನಡೆಯುತ್ತಿದೆಯೆಂದೇ ಅನೇಕರಿಗೆ ಗೊತ್ತಿರಲಿಲ್ಲ! ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಯ ‘ಹೋಮ್’ ರೂಪದಲ್ಲಿ ಸರ್ವರ್ ಇರಲಿಲ್ಲ. 2004ರಿಂದ ಅದರ ಫೈರ್‌ವಾಲ್ ತಾನಾಗಿಯೇ ಜಾರಿಯಲ್ಲಿರುವಂತೆ ಮಾಡಲಾಯಿತು. 1996ರ ಬೀಗ ವ್ಯಾಪಾರದ್ದು, ಈ ಫೈರ್‌ವಾಲ್ ರಕ್ಷಣೆಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಈಗ ಹೂಲಿಯ ನಿಮ್ಮ ಪುಟಗಳಿಗೆ ಬರೋಣ. ಕನ್ನಡದಲ್ಲಿ ಬರೆಯುವವರಿಗೆ ಸ್ಥಳೀಯ ಸರ್ವರ್ ಇನ್ನೊಂದು ಪಾಠ ಕಲಿಸುತ್ತದೆ. 1990ರ ದಶಕದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದವನಿಗೆ ಪುಟ ಕಲಸುಮೇಲೋಗರ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತ್ತು. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಬಂದ ಮೇಲೆ ಮನೆಯ ಗಣಕಕ್ಕೂ ಅದು ತಲುಪಿತು. ಆದರೂ ತೊಡಕು ತೀರಲಿಲ್ಲ. ಸರ್ವರ್ ಪುಟಕ್ಕೆ ಮುಂಚೆ ಕೆಲವು ಸಾಲುಗಳನ್ನು ಕಳಿಸುತ್ತದೆ. ಪುಟ ಯಾವ ಸಂಕೇತದಲ್ಲಿದೆ ಎಂಬ ಹೇಳಿಕೆ ಅವುಗಳಲ್ಲಿದ್ದರೆ ಬ್ರೌಸರ್ ಅದನ್ನೇ ನಂಬುತ್ತದೆ, ಪುಟದೊಳಗೆ ನೀವು ಬರೆದುದನ್ನಲ್ಲ. ಅಪಾಚೆ 2.0ರ ಆರಂಭದ ಆವೃತ್ತಿಗಳು ಎಲ್ಲ ಪುಟಗಳನ್ನೂ ಪಶ್ಚಿಮ ಯುರೋಪಿನ ಸಂಕೇತದವೆಂದು ಸಾರುತ್ತಿದ್ದವು. ಕಡತವನ್ನು ನೇರವಾಗಿ ತೆರೆದರೆ ಚೆನ್ನಾಗಿ ಕಾಣುವ ಕನ್ನಡ, ಸರ್ವರಿನಿಂದ ಬಂದಾಗ ಚೂರುಚೂರು. ಸರ್ವರಿನ ಸಂರಚನೆಯಲ್ಲಿ ಯುಟಿಎಫ್-8 ಎಂದು ಬರೆದರೆ ಸರಿಹೋಗುತ್ತಿತ್ತು.

ಇಂದು ಪ್ರಯೋಗ ಮಾಡುವುದು ಸುಲಭ. ಪೈಥಾನ್ ಇರುವ ಗಣಕದಲ್ಲಿ ಅದರ ಎಚ್‌ಟಿಟಿಪಿ ಸರ್ವರ್ ಘಟಕವನ್ನು ಪುಟಗಳಿರುವ ಕಡತಕೋಶದಿಂದ ಒಂದೇ ಸಾಲಿನ ಆದೇಶದಲ್ಲಿ ಆರಂಭಿಸಬಹುದು. ಅದು 8000ನೇ ದ್ವಾರದಲ್ಲಿ ಕಾಯುತ್ತದೆ. ಇದು ಕಲಿಕೆಗೆ ಮಾತ್ರ, ಊರಿಗೆಲ್ಲ ತೆರೆದಿಡಲು ಅಲ್ಲ. 127.0.0.1ಕ್ಕೆ ಮಾತ್ರ ಕಿವಿಗೊಡುವಂತೆ ಹೇಳಿದರೆ ಹೊರಗಿನವರಾರಿಗೂ ಕಾಣದು. ಒಂದು ಎಚ್ಚರ: ಚಿತ್ರದ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ನಿಮ್ಮ ಮನೆಯಲ್ಲಿ ಕಾಣುತ್ತಿದ್ದ ಶಾಸನದ ಚಿತ್ರ ಹೊರಗಿನ ಲಿನಕ್ಸ್ ಸರ್ವರಿಗೆ ಹೋದಾಗ ಮಾಯವಾದರೆ ಮೊದಲು ಹೆಸರಿನ ಕಾಗುಣಿತ ನೋಡಿ.