ಕುಮಾರಪಟ್ಟಣದಿಂದ ಸಂಡೂರಿಗೆ: ಕಂಪನಿಯ ಹೊಣೆಗಾರಿಕೆಯ ಒಂದು ಚರಿತ್ರೆ

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಳ ಬಗ್ಗೆ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಕೊಟ್ಟ ತೀರ್ಪು ‘ಸಮಾಜ ಪರಿವರ್ತನ ಸಮುದಾಯ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಹೆಸರಿನದು. ಗಣಿ ಕಂಪನಿಯೊಂದು ತಾನು ಅಗೆದ ಸೀಮೆಯ ಜನರಿಗೆ ಏನು ತೆರಬೇಕು ಎಂಬ ಚರ್ಚೆ ಕರ್ನಾಟಕದಲ್ಲಿ ಎಲ್ಲೇ ನಡೆಯಲಿ, ಈ ತೀರ್ಪನ್ನು ದಾಟಿಕೊಂಡೇ ಹೋಗಬೇಕು. ಆದರೆ ಅರ್ಜಿ ಹಾಕಿದ ಸಂಘಟನೆ ಪಳಗಿದ್ದು ಅದಿರಿನ ಗುಡ್ಡಗಳಲ್ಲಿ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರಾ ದಂಡೆಯಲ್ಲಿ, ಹಾನಗಲ್ ತಾಲ್ಲೂಕಿನ ಗುಡ್ಡಗಾವಲಿನಲ್ಲಿ, ಗಣಿಯ ಸುಳಿವೇ ಇಲ್ಲದ ಕಡೆ ಅದು ತನ್ನ ಮೊದಲ ವಾದಗಳನ್ನು ಕಟ್ಟಿಕೊಂಡಿತು. ಆ ಹಳ್ಳಿಗಳು 1980ರ ದಶಕದಲ್ಲಿ ಕಂಪನಿಯ ಮುಂದಿಟ್ಟ ಪ್ರಶ್ನೆ ಒಂದೇ: ಯಾರನ್ನು ಕೇಳಿ ತೆಗೆದುಕೊಂಡಿರಿ? ಗಣಿಗಳ ಕಾಲ ಬರುವ ಹೊತ್ತಿಗೆ ಈ ಪ್ರಶ್ನೆಯ ಜಾಗಕ್ಕೆ ‘ಎಷ್ಟು ಕೊಡುತ್ತೀರಿ’ ಎಂಬುದು ಬಂದು ಕೂತಿತು ಎಂಬುದು ಈ ಲೇಖನದ ವಾದ.

ಅದಕ್ಕೂ ಹಿಂದಿನ ಮಾದರಿ ಬೇರೆಯೇ ಆಗಿತ್ತು. ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಊರನ್ನೇ ಕಟ್ಟಿತು. ಆಸ್ಪತ್ರೆ, ಶಾಲೆ, ಕ್ಲಬ್ಬು ಬಂದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಆ ಗಣಿಗೇ. ಕುದುರೆಮುಖದಲ್ಲಿ ಸರ್ಕಾರಿ ಕಂಪನಿ ಅದೇ ದಾರಿ ಹಿಡಿದು ಕಾಡಿನ ನಡುವೆ ಪಟ್ಟಣ ಎಬ್ಬಿಸಿತು. ಇವೆಲ್ಲ ಒಡೆಯನ ಕೊಡುಗೆಗಳು: ಕಂಪನಿ ಇರುವ ತನಕ ಇರುತ್ತವೆ, ಅದು ಎದ್ದು ಹೋದ ದಿನ ನಿಲ್ಲುತ್ತವೆ. ಕೋಲಾರದಲ್ಲಿ ಆ ದಿನ 2001ರ ಫೆಬ್ರುವರಿ 28. ಕುದುರೆಮುಖದಲ್ಲಿ 2005ರ ಕೊನೆಯ ದಿನ. ಕೋಲಾರದ ಸಯನೈಡು ದಿಬ್ಬಗಳು ಮಾತ್ರ ಇನ್ನೂ ಇವೆ.

ರಾಣೆಬೆನ್ನೂರಿನ ಕಥೆ ಒಂದು ಹೆಸರಿನ ಗೊಂದಲದಿಂದ ಶುರುವಾಗುತ್ತದೆ. ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆ ಇರುವುದು ಹರಿಹರದಲ್ಲಿ ಅಲ್ಲ, ಹೊಳೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ, ಅಂದರೆ ಅಂದಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ ಕಂಪನಿ, ಅಂದರೆ ಮುಂದಿನ ಗ್ರಾಸಿಂ, 1972ರಲ್ಲಿ ಇದನ್ನು ಆರಂಭಿಸಿತು. ನೀಲಗಿರಿ ಮರವನ್ನು ಬೇಯಿಸಿ ರೇಯಾನ್ ನೂಲಿಗೆ ಬೇಕಾದ ತಿರುಳು ತೆಗೆಯುವುದು ಅದರ ಕೆಲಸ. 1977ರಲ್ಲಿ ಪಕ್ಕದಲ್ಲೇ ಗ್ರಾಸಿಲಿನ್ ನಾರಿನ ಘಟಕ ಎದ್ದಿತು. ನೀರು ಬೇಕು, ಮರ ಬೇಕು. ಎರಡೂ ಯಥೇಚ್ಛವಾಗಿ ಬೇಕು. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ ಎಂಬುದನ್ನು ಗಮನಿಸಬೇಕು. ಹೊಳೆಗೆ ಏನು ಬಿಡಬಹುದು, ಏನು ಬಿಡಬಾರದು ಎಂದು ದೇಶ ತೀರ್ಮಾನಿಸುವ ಮೊದಲೇ ಕಾರ್ಖಾನೆ ನಡೆಯತೊಡಗಿತ್ತು.

ಮರದಿಂದ ನಾರಿನಂಶ ಬೇರ್ಪಡಿಸಿದಾಗ ಉಳಿಯುವ ಲಿಗ್ನಿನ್ ನೀರಿಗೆ ಕಂದು ಬಣ್ಣ ಕೊಡುತ್ತದೆ, ಬೇಗ ಕೊಳೆಯುವುದಿಲ್ಲ. ಜೊತೆಗಿರುವ ಬೇರೆ ಸಾವಯವ ಅಂಶ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ತುಂಬಿ ಹರಿಯುವ ತುಂಗಭದ್ರೆ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಎಳೆಯಾಗಿ ಹರಿಯುವಾಗ ಲೆಕ್ಕ ಬದಲಾಗುತ್ತದೆ. ಮೇಲಿನ ಭದ್ರಾವತಿಯ ಕಾಗದ ಮತ್ತು ಉಕ್ಕಿನ ಕಾರ್ಖಾನೆಗಳ ನೀರನ್ನು ಭದ್ರೆ ಮೊದಲೇ ಹೊತ್ತು ತರುತ್ತಿದ್ದಳು ಎಂಬುದೂ ನಿಜ. ಕಂಪನಿಯ ಪರವಾಗಿ ಇಷ್ಟು ಹೇಳಲೇಬೇಕು. ಆದರೆ ಕುಮಾರಪಟ್ಟಣದ ಕೆಳಗಿನ ನದಿಹರಳಹಳ್ಳಿ, ನಲವಾಗಲದಂಥ ಊರುಗಳ ದೂರು ಸ್ಪಷ್ಟವಾಗಿತ್ತು: ಮೀನು ಸತ್ತು ತೇಲುತ್ತದೆ, ದನ ನೀರು ಮೂಸಿ ಹಿಂದೆ ಸರಿಯುತ್ತದೆ, ಮಿಂದವರ ಮೈ ಕೆರೆಯುತ್ತದೆ, ಗಾಳಿ ನಾರುತ್ತದೆ. ಕಾರ್ಖಾನೆಯ ಕೂಲಿ ತಂದ ಮನೆಗಳೂ ಇದೇ ಊರುಗಳಲ್ಲಿದ್ದವು. ಹೋರಾಟದ ಕಥೆ ಹೇಳುವವರು ಈ ಎರಡನೆಯ ಸಂಗತಿಯನ್ನು ಸಾಮಾನ್ಯವಾಗಿ ಮೆಲ್ಲಗೆ ಹೇಳುತ್ತಾರೆ.

ಈ ದೂರಿಗೆ ಸಂಘಟನೆಯ ರೂಪ ಬಂದದ್ದರಲ್ಲಿ ಮೇಡ್ಲೇರಿಯ ಪಾತ್ರವಿದೆ. ಷಿಕಾಗೋದ ಅನಿವಾಸಿ ಭಾರತೀಯರು 1974ರಲ್ಲಿ ಕಟ್ಟಿದ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಸಂಸ್ಥೆಯ ಕೆಲಸವನ್ನು ಎಸ್.ಆರ್. ಹಿರೇಮಠ ಮತ್ತು ಶ್ಯಾಮಲಾ ಹಿರೇಮಠ ದಂಪತಿ 1979ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಆರಂಭಿಸಿದರು. ಬಂದದ್ದು ಗ್ರಾಮಾಭಿವೃದ್ಧಿಗೆ, ಕಂಪನಿಯೊಂದಿಗೆ ಜಗಳಕ್ಕಲ್ಲ. ಆದರೆ ಹೊಳೆದಂಡೆಯ ಹಳ್ಳಿಗಳಲ್ಲಿ ಅಭಿವೃದ್ಧಿಯ ಮಾತಾಡಿದರೆ ಹೊಳೆಯ ಮಾತು ಬಂದೇ ಬರುತ್ತದೆ. 1984ರಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು, ನದಿ ಮಾಲಿನ್ಯದ ವಿರುದ್ಧ ಹಳ್ಳಿಗರನ್ನು ಒಗ್ಗೂಡಿಸಿತು.

ಅದೇ ವರ್ಷ ನವೆಂಬರ್ 14ರಂದು ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿಕೊಂಡವು. ಷೇರಿನಲ್ಲಿ ಸರ್ಕಾರದ ಪಾಲು ಶೇ 51, ಕಂಪನಿಯದು ಶೇ 49. ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಗುರುತಿಸಲಾಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಬೆಳೆದ ನೀಲಗಿರಿಯಲ್ಲಿ ಶೇ 87.5 ನೇರವಾಗಿ ಕಾರ್ಖಾನೆಗೆ. ಮಿಕ್ಕ ಶೇ 12.5ನ್ನೂ ಕೊಳ್ಳುವ ಹಕ್ಕು ಅದಕ್ಕೇ. ಹೆಚ್ಚು ಪಾಲಿನ ಒಡೆಯ ಸರ್ಕಾರ, ಹೆಚ್ಚು ಫಲದ ಒಡೆಯ ಕಂಪನಿ. ಈ ಕರಾರನ್ನು ಓದಿದಾಗ ಗಣಿ ಗುತ್ತಿಗೆಯ ನೆನಪಾಗದೆ ಇರದು: ನೆಲ ಸರ್ಕಾರದ್ದು, ರಾಜಧನ ನಾಮಮಾತ್ರದ್ದು, ತೆಗೆದದ್ದು ಹೊರಗೆ ಹೋಗುವಂಥದ್ದು. ಅದಿರಿನ ಜಾಗದಲ್ಲಿ ಮರ ಇತ್ತು, ಅಷ್ಟೇ.

ಕಂದಾಯದ ಕಡತದಲ್ಲಿ ಆ ಭೂಮಿ ‘ಪಾಳು’. ಹಳ್ಳಿಯ ಲೆಕ್ಕದಲ್ಲಿ ಅದು ದನ ಮೇಯುವ ಗಾವಲು, ಉರುವಲು ಪುರಳೆ ಆಯುವ ಜಾಗ, ಬಾರುಗೋಲಿಗೆ, ಬುಟ್ಟಿಗೆ ಕಡ್ಡಿ ಸಿಗುವ ಕುರುಚಲು. ಹೊಲ ಇಲ್ಲದವನಿಗೂ ಎರಡು ಆಡು ಸಾಕುವ ಧೈರ್ಯ ಕೊಡುತ್ತಿದ್ದದ್ದು ಅದೇ. ನೀಲಗಿರಿ ಎಲೆಯನ್ನು ಆಡೂ ಮುಟ್ಟುವುದಿಲ್ಲ. ನೀಲಗಿರಿ ಎಂದರೇನು ಎಂದು ಈ ಸೀಮೆಗೆ ಹೊಸದಾಗಿ ಹೇಳಬೇಕಿರಲಿಲ್ಲ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದೊಳಗೂ ನೀಲಗಿರಿ ತೋಪುಗಳಿವೆ. ಬಯಲಲ್ಲಿ ಓಡುವ ಪ್ರಾಣಿಯನ್ನು ತೋಪಿನಲ್ಲಿ ರಕ್ಷಿಸಲು ಹೊರಟ ಯೋಜಕರ ವಿನೋದಕ್ಕೆ ಎಣೆಯಿಲ್ಲ.

ಸಮುದಾಯವು ಶಿವರಾಮ ಕಾರಂತರೂ ಸೇರಿದಂತೆ ಹಲವರನ್ನು ಜೊತೆಗೂಡಿಸಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಮಾರ್ಚ್ 24ರಂದು ಭೂಮಿ ಹಸ್ತಾಂತರಕ್ಕೆ ತಡೆಯಾಜ್ಞೆ ಸಿಕ್ಕಿತು. ಆದರೆ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಅಷ್ಟರಲ್ಲೇ ಸುಮಾರು 400 ಹೆಕ್ಟೇರ್ ಕಂಪನಿಯ ಕೈಸೇರಿತ್ತು. ಅಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಯಿತು, ಗುಡ್ಡನಾಡು ಅಭಿವೃದ್ಧಿ ಸಮಿತಿ ಎಂಬ ಹಳ್ಳಿಗರದೇ ಸಂಘಟನೆ ಎದ್ದಿತು. 1987ರ ನವೆಂಬರ್ 14, ಅಂದರೆ ಜಂಟಿ ಕಂಪನಿಗೆ ಮೂರು ವರ್ಷ ತುಂಬಿದ ದಿನ, ಸುಮಾರು ಎರಡು ಸಾವಿರ ಜನ ಡೊಳ್ಳು ಬಾರಿಸುತ್ತ ನೆಡುತೋಪಿಗೆ ನಡೆದರು. ನೂರರಷ್ಟು ನೀಲಗಿರಿ ಸಸಿ ಕಿತ್ತರು, ಆ ಕುಣಿಗಳಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು, ನೀರುಣಿಸಿ ಕಾಯುತ್ತೇವೆಂದು ಆಣೆ ಮಾಡಿದರು. ಇದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ.

ಈ ಸತ್ಯಾಗ್ರಹದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. 1983ರಲ್ಲಿ ಉತ್ತರ ಕನ್ನಡದ ಅಪ್ಪಿಕೋ ಚಳವಳಿಗಾರರು ಇದ್ದ ಮರವನ್ನು ಉಳಿಸಲು ಹೋಗಿದ್ದರು. ಕುಸನೂರಿನವರು ಮರವನ್ನೇ ಕಿತ್ತರು. ಅವರ ತಕರಾರು ಹಸಿರಿನ ಪರವೂ ಅಲ್ಲ, ವಿರುದ್ಧವೂ ಅಲ್ಲ. ಈ ನೆಲದಲ್ಲಿ ಏನು ಬೆಳೆಯಬೇಕೆಂದು ಹೇಳುವವರು ಯಾರು ಎಂಬುದರ ಬಗ್ಗೆ. ಸಸಿ ಕಿತ್ತು ಸುಮ್ಮನಾಗಿದ್ದರೆ ಅದು ಪ್ರತಿಭಟನೆ ಮಾತ್ರ. ಬೇರೆ ಗಿಡ ಹಚ್ಚಿದ ಕ್ಷಣ ಅವರು ಆ ನೆಲದ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡಂತಾಯಿತು. ಪರಿಹಾರ, ಉದ್ಯೋಗ, ಶಾಲೆಯ ಕಟ್ಟಡ ಯಾವುದೂ ಅಂದಿನ ಮುಖ್ಯ ಬೇಡಿಕೆ ಆಗಿರಲಿಲ್ಲ.

ಮುಂದಿನ ದಾರಿ ನೇರವಾಗಿರಲಿಲ್ಲ. 1988ರ ಏಪ್ರಿಲಿನಲ್ಲಿ ಕೋರ್ಟು ತಡೆಯಾಜ್ಞೆ ಸಡಿಲಿಸಿ ಇನ್ನಷ್ಟು ಭೂಮಿ ಕೊಡಲು ಬಿಟ್ಟಿತು. ಆಗಸ್ಟಿನಲ್ಲಿ ಮತ್ತೊಂದು ಸುತ್ತಿನ ಕೀಳುವಿಕೆ ನಡೆದು ಬಂಧನಗಳಾದವು. ಶಾಸಕರ ಒಂದು ದೊಡ್ಡ ಗುಂಪೂ ಕರಾರು ರದ್ದತಿಗೆ ಒತ್ತಾಯಿಸಿತು. 1991ರ ಅಕ್ಟೋಬರಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿಹೋಯಿತು. ತಿರುಳು ಕಾರ್ಖಾನೆ ಮಾತ್ರ ನಡೆಯುತ್ತಲೇ ಇತ್ತು.

ಅದೇ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಮತ್ತೆ ಹೋದದ್ದು ಅದಿರಿನ ಸಲುವಾಗಿ. ಚೀನಾದ ಬೇಡಿಕೆಯಿಂದ ಬಳ್ಳಾರಿ, ಹೊಸಪೇಟೆ, ಸಂಡೂರಿನ ಗುಡ್ಡಗಳು ಕರಗುತ್ತಿದ್ದ ಕಾಲ ಅದು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಎರಡನೆಯ ವರದಿ 2011ರ ಜುಲೈ 27ರಂದು ಬಂತು; ಎರಡೇ ದಿನಕ್ಕೆ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರಿಗೂ ಆದೇಶ ವಿಸ್ತರಿಸಿತು. 2013ರ ತೀರ್ಪು 166 ಗುತ್ತಿಗೆಗಳನ್ನು ಅಕ್ರಮದ ಪ್ರಮಾಣದಂತೆ ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಅತಿ ಹೆಚ್ಚು ಅಕ್ರಮದ ಸುಮಾರು 50 ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದ ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು, ವರ್ಷದ ಒಟ್ಟು ಉತ್ಪಾದನೆಗೆ 300 ಲಕ್ಷ ಟನ್ನಿನ ಮಿತಿ ಬಂತು. ಎ ವರ್ಗದ ಗಣಿಗಳ ಮಾರಾಟ ಹಣದಲ್ಲೂ ಶೇ 10 ಪೀಡಿತ ಪ್ರದೇಶಕ್ಕೆಂದು ಮೀಸಲಾಯಿತು. ಇದನ್ನು ಖರ್ಚು ಮಾಡಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಯೋಜನೆಯ ಗಾತ್ರ ಬೆಳೆದು ಸುಮಾರು 25 ಸಾವಿರ ಕೋಟಿ ರೂಪಾಯಿ ಮುಟ್ಟಿತು. ಕೋರ್ಟಿನ ಒಪ್ಪಿಗೆ, ಮೇಲುಸ್ತುವಾರಿಗೆ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರ ನೇಮಕ, ಎಲ್ಲವೂ ಆಗುವ ಹೊತ್ತಿಗೆ 2022 ಬಂದಿತ್ತು. ಅಲ್ಲಿಯವರೆಗೆ ಹಣ ಬ್ಯಾಂಕಿನಲ್ಲಿ, ದೂಳು ಊರಿನಲ್ಲಿ.

ದೇಶದಲ್ಲಿ ಗಣಿ ಕಂಪನಿಗಳಿಂದ ಜನರಿಗಾಗಿ ಇಷ್ಟು ದೊಡ್ಡ ಮೊತ್ತವನ್ನು ಕಾನೂನಿನ ಬಲದಿಂದ ಎತ್ತಿದ ಉದಾಹರಣೆ ವಿರಳ. ಅದನ್ನು ಕಡಿಮೆ ಮಾಡಿ ಹೇಳಬೇಕಿಲ್ಲ. ಆದರೆ ಅದೇ ದಿನ, 2013ರ ಏಪ್ರಿಲ್ 18ರಂದೇ, ಆಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್ ಅವರಿದ್ದ ಅದೇ ಪೀಠ ಇನ್ನೊಂದು ಗಣಿ ತೀರ್ಪನ್ನೂ ಕೊಟ್ಟಿತ್ತು. ಅದು ಒಡಿಶಾದ ನಿಯಮಗಿರಿ ಬಾಕ್ಸೈಟ್ ಪ್ರಕರಣ. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯನ್ನು ಆಧರಿಸಿ, ತೀರ್ಮಾನವನ್ನು ಗ್ರಾಮಸಭೆಗಳ ಮುಂದಿಡಿ ಎಂದಿತು ಕೋರ್ಟು. ಆ ವರ್ಷದ ಮಳೆಗಾಲದಲ್ಲಿ ಡೋಂಗ್ರಿಯಾ ಕೊಂದರ ಸೀಮೆಯ 12 ಗ್ರಾಮಸಭೆಗಳು ಸೇರಿ, ಹನ್ನೆರಡೂ ಬೇಡವೆಂದವು. ಒಂದೇ ದಿನ ಒಂದೇ ಪೀಠದಿಂದ ಒಡಿಶಾಕ್ಕೆ ಒಪ್ಪಿಗೆಯ ಹಕ್ಕು, ಕರ್ನಾಟಕಕ್ಕೆ ನಿಧಿ. ಪ್ರಕರಣಗಳು ಬೇರೆ, ಕಾನೂನಿನ ಆಧಾರ ಬೇರೆ ಎಂಬುದು ಸರಿಯಾದ ಉತ್ತರವೇ. ಆದರೂ ಕುಸನೂರಿನ ಪ್ರಶ್ನೆಗೆ ಹತ್ತಿರವಿದ್ದದ್ದು ನಿಯಮಗಿರಿಯ ತೀರ್ಪು. ಕುಸನೂರಿನವರ ಜೊತೆಗಿದ್ದ ಸಮುದಾಯಕ್ಕೆ ಸಿಕ್ಕಿದ್ದು ಇನ್ನೊಂದು.

ನಂತರದ ಶಾಸನಗಳು ನಿಧಿಯ ದಾರಿಯನ್ನೇ ಅಗಲ ಮಾಡಿದವು. 2013ರ ಕಂಪನಿ ಕಾಯ್ದೆಯ 135ನೇ ಕಲಮು, ನಿಗದಿತ ಗಾತ್ರ ಮೀರಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿತು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಹೇಳಿತು. ಆದರೆ ಯಾವುದಕ್ಕೆ ಎಷ್ಟು ಎಂದು ನಿರ್ಧರಿಸುವುದು ಕಂಪನಿಯ ಆಡಳಿತ ಮಂಡಳಿ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಹೆಚ್ಚುವರಿಯಾಗಿ ಕಟ್ಟಬೇಕು. ಇದು ಕಂಪನಿಯ ಮರ್ಜಿಗೆ ಬಿಟ್ಟದ್ದಲ್ಲ, ಆ ಮಟ್ಟಿಗೆ ಕೋಲಾರದ ಕ್ಲಬ್ಬಿನ ಕಾಲದಿಂದ ಬಹಳ ಮುಂದೆ ಬಂದಿದ್ದೇವೆ. ಖರ್ಚಿನ ಪಟ್ಟಿ ಮಾತ್ರ ಇಲಾಖೆಗಳ ಮಾಮೂಲಿ ಪಟ್ಟಿಯನ್ನೇ ಹೋಲುತ್ತದೆ: ರಸ್ತೆ, ಕಟ್ಟಡ, ನೀರಿನ ಟ್ಯಾಂಕು.

ಇನ್ನು ಹಾವೇರಿ ಜಿಲ್ಲೆಗೇ ಗಣಿ ಬರುವ ಸಾಧ್ಯತೆ ದೂರದ್ದಲ್ಲ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನದ ನಿಕ್ಷೇಪವನ್ನು ಡೆಕ್ಕನ್ ಗೋಲ್ಡ್ ಮೈನ್ಸ್ ವರ್ಷಗಟ್ಟಲೆ ಶೋಧಿಸಿ, ಗಣಿ ಗುತ್ತಿಗೆ ಕೇಳಿತ್ತು. 2021ರ ತಿದ್ದುಪಡಿ, ಹರಾಜಿಲ್ಲದೆ ಹಳೆಯ ಹಕ್ಕಿನ ಮೇಲೆ ಗುತ್ತಿಗೆ ಕೇಳಿದ್ದ ಬಾಕಿ ಅರ್ಜಿಗಳ ದಾರಿ ಮುಚ್ಚಿತು; ಹರಾಜಿನ ದಾರಿ ತೆರೆದೇ ಇದೆ. ಇಲ್ಲಿ ನಿಯಮಗಿರಿಯಂತೆ ಆದಿವಾಸಿಗಳ ಅರಣ್ಯವಿಲ್ಲ. ಕುಸನೂರಿನಂತೆ ಊರೊಟ್ಟಿನ ಗಾವಲೂ ಅಲ್ಲ. ಮೆಕ್ಕೆಜೋಳ, ಹತ್ತಿ ಬೆಳೆಯುವ ರೈತರ ಹೊಲಗಳ ಸೀಮೆ. ಇಂಥ ಊರಿನ ಮಾತಿಗೆ ಕಾನೂನು ಕೊಟ್ಟಿರುವ ಮುಖ್ಯ ವೇದಿಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆ. ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಏರ್ಪಡಿಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಮಾತಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ, ವಿಡಿಯೊ ಮಾಡುತ್ತಾರೆ. ಅಲ್ಲಿ ಮತಕ್ಕೆ ಹಾಕುವ ಪದ್ಧತಿ ಇಲ್ಲ.