ಮೂಕಸಾಕ್ಷಿಯ ನುಡಿ

ಅಮಲೇರಿದವನ ಒಳಗೆ ಏನು ನಡೆಯುತ್ತಿದೆಯೆಂಬುದನ್ನು ತಿಳಿಯಬೇಕಾದರೆ ಅವನನ್ನೇ ಕೇಳಬಹುದು. ರಾಜರತ್ನಂ ಅವರ ರತ್ನನಂಥವನಾದರೆ ಪದ ಕಟ್ಟಿಯೇ ಹೇಳಿಯಾನು. ಆದರೆ ಇಲಿಯನ್ನು ಕೇಳುವ ಬಗೆ ಹೇಗೆ? ಅದು ತೂರಾಡುವುದನ್ನು ನಾವು ಹೊರಗಿನಿಂದ ಕಾಣಬಲ್ಲೆವು. ಒಳಗಿನ ಅನುಭವವಾದರೋ ಅದರ ಪಾಲಿನದು ಮಾತ್ರ. ಈ ಗೋಡೆಯಲ್ಲಿ ವಿಜ್ಞಾನಿಗಳು ಒಂದು ಕಿಂಡಿಯನ್ನು ಕೊರೆದ ಕಥೆ ಸಾಹಿತ್ಯದ ಅಧ್ಯಾಪಕನಾಗಿದ್ದ ನನಗೂ ಸ್ವಾರಸ್ಯವಾಗಿ ಕಂಡಿದೆ.

ಕಥೆಯ ಒಂದೆಳೆ ನಮ್ಮ ನಾಡಿನವರೆಗೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಕೂಂಬ್ ಐರಿಷ್ ಹಮಾಲನೊಬ್ಬನ ಸಂಗತಿಯನ್ನು ಬರೆದಿಟ್ಟನು. ಕುಡಿದ ಅಮಲಿನಲ್ಲಿ ಗಂಟೊಂದನ್ನು ಎಲ್ಲಿಯೋ ಬಿಟ್ಟುಬಂದ ಆತನಿಗೆ ಅಮಲು ಇಳಿದ ಮೇಲೆ ಅದರ ನೆನಪಿರಲಿಲ್ಲ. ಮತ್ತೆ ಕುಡಿದಾಗ ನೆನಪಾಯಿತು! ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಈ ಪ್ರಸಂಗವನ್ನು ಬಳಸಿಕೊಂಡನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದ ವಜ್ರವೊಂದರ ಕಲ್ಪಿತ ಕಥೆಯದು. ಅಫೀಮಿನ ಮಂಪರಿನಲ್ಲಿ ವಜ್ರವನ್ನು ತೆಗೆದು, ಎಚ್ಚರದಲ್ಲಿ ಅದನ್ನರಿಯದ ನಾಯಕನಿಗೆ ಅಲ್ಲಿ ಮತ್ತೆ ಅಫೀಮು ಕೊಟ್ಟು ಪರೀಕ್ಷಿಸುತ್ತಾರೆ.

ಕಾದಂಬರಿಯ ಊಹೆ ಪ್ರಯೋಗಶಾಲೆಗೆ ಬರಲು ಬಹುಕಾಲ ಹಿಡಿಯಿತು. 1951ರಲ್ಲಿ ಕಾಂಗರ್ ಎಂಬ ಅಮೆರಿಕದ ಸಂಶೋಧಕನು, ಮದ್ಯ ಕೊಟ್ಟ ಸ್ಥಿತಿಗೂ ಕೊಡದ ಸ್ಥಿತಿಗೂ ಇರುವ ಭೇದವನ್ನೇ ಇಲಿಗಳು ಗುರುತಾಗಿ ಹಿಡಿದು, ಆಹಾರದ ಕಡೆಗೆ ಹೋಗಬೇಕೋ ಬಾರದೋ ಎಂದು ನಿರ್ಧರಿಸಬಲ್ಲವೆಂದು ತೋರಿಸಿದನು. 1960ರ ದಶಕದಲ್ಲಿ ಡೊನಾಲ್ಡ್ ಓವರ್ಟನ್ ಈ ದಾರಿಯನ್ನು ವಿಸ್ತರಿಸಿದನು. ಔಷಧ ಪಡೆದಾಗ ಒಂದು ಕಡೆಗೆ, ಪಡೆಯದಾಗ ಮತ್ತೊಂದು ಕಡೆಗೆ ತಿರುಗಲು ಅವನ ಇಲಿಗಳು ಕಲಿತವು.

ಮುಂದೆ ವಿಧಾನ ನಯಗೊಂಡಿತು. ಪಂಜರದಲ್ಲಿ ಎರಡು ಸನ್ನೆಗಳು. ಮದ್ಯ ಕೊಟ್ಟ ದಿನ ಒಂದನ್ನು ಒತ್ತಿದರೆ ಆಹಾರ, ಬರಿಯ ಉಪ್ಪುನೀರು ಕೊಟ್ಟ ದಿನ ಇನ್ನೊಂದನ್ನು ಒತ್ತಿದರೆ ಆಹಾರ. ವಾರಗಟ್ಟಲೆ ಕಲಿತ ಪ್ರಾಣಿಗೆ ಆಮೇಲೆ ಬೇರೊಂದು ಔಷಧವನ್ನು ಕೊಟ್ಟು, ಯಾವ ಸನ್ನೆಯನ್ನು ಒತ್ತೀತೆಂದು ನೋಡುವುದು. ಮದ್ಯದ ಸನ್ನೆಯನ್ನು ಒತ್ತಿದರೆ, ‘ಇದು ಅದರಂತಿದೆ’ ಎಂಬ ಸಾಕ್ಷ್ಯ.

ಆ ಸಾಕ್ಷ್ಯ ಬೆಲೆಯುಳ್ಳದ್ದಾಯಿತು. ಬಾರ್ಬಿಟ್ಯುರೇಟ್ ಜಾತಿಯ ನಿದ್ರೌಷಧಗಳು ಮದ್ಯವನ್ನು ಹೋಲುತ್ತವೆಂದು ಇಲಿಗಳು ಹೇಳಿದವು. 1989ರಲ್ಲಿ, ಮಿದುಳಿನ ಎನ್‌ಎಂಡಿಎ ಎಂಬ ಗ್ರಾಹಕದ ಕೆಲಸವನ್ನು ಮದ್ಯ ತಗ್ಗಿಸುತ್ತದೆಂದು ತಿಳಿಯಿತು. 1991ರಲ್ಲಿ, ಅದೇ ಗ್ರಾಹಕವನ್ನು ತಡೆಯುವ ಔಷಧ ಕೊಟ್ಟಾಗ ಪಾರಿವಾಳಗಳು ಮದ್ಯವೆಂಬಂತೆಯೇ ಉತ್ತರಿಸಿದವು. ಮದ್ಯದ ಅನುಭವ ಒಂದೇ ಎಳೆಯದಲ್ಲ, ಹಲವು ಎಳೆಗಳ ಹೆಣಿಗೆ. ಪ್ರಮಾಣ ಬದಲಾದಂತೆ ಎದ್ದುಕಾಣುವ ಎಳೆಯೂ ಬದಲಾಗುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು. 1998ರಲ್ಲಿ, ಆಗಷ್ಟೇ ಕುಡಿತ ಬಿಟ್ಟಿದ್ದ ವ್ಯಸನಿಗಳಿಗೆ ಕೆಟಮಿನ್ ಎಂಬ ಅಂಥದೇ ಔಷಧವನ್ನು ಕೊಟ್ಟಾಗ, ಅದು ಮದ್ಯದಂತಿದೆಯೆಂದು ಅವರೇ ಬಾಯಿಬಿಟ್ಟು ಹೇಳಿದರು. ಮೂಕಪ್ರಾಣಿಯ ಮಾತಿಗೆ ಮನುಷ್ಯನ ಮಾತು ಜೊತೆಗೂಡಿತು.

ಇಲಿಗೆ ಸುಖವೋ ದುಃಖವೋ ಎಂಬುದನ್ನು ಆ ಸನ್ನೆ ಹೇಳುವುದಿಲ್ಲ, ಹೋಲಿಕೆಯನ್ನಷ್ಟೇ ಹೇಳುತ್ತದೆ. ಇಷ್ಟನ್ನು ಹೇಳಿಸಲು ಎಷ್ಟೋ ಪ್ರಾಣಿಗಳು ಪಂಜರದಲ್ಲಿ ಬಾಳು ಸವೆಸಿವೆ, ಕೆಲವು ವಿದ್ಯುತ್ತಿನ ಆಘಾತವನ್ನೂ ತಿಂದಿವೆ. ಆ ಋಣವನ್ನು ಮರೆಯುವುದು ಸಲ್ಲದು.

ಇನ್ನೊಂದು ಮಾತು. ಅಮಲಿನಲ್ಲಿ ಕಲಿತದ್ದರಲ್ಲಿ ಕೆಲವು ಅಮಲಿನಲ್ಲಿಯೇ ಚೆನ್ನಾಗಿ ನೆನಪಿಗೆ ಬರುತ್ತವೆಂದು 1969ರಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗವೂ ತೋರಿಸಿತು. ಬೆಳಗ್ಗೆ ಹೆಂಡತಿಮಕ್ಕಳ ಮುಂದೆ ಆಣೆಯಿಟ್ಟವನು ಸಂಜೆ ಮರೆತು ಬಂದಾಗ ನಾವು ಅವನನ್ನು ಸುಳ್ಳನೆಂದು ಜರೆಯುತ್ತೇವೆ. ಸುಳ್ಳನೇ ಇದ್ದಿರಬಹುದು. ಆದರೆ ಒಳಗಿನ ಸ್ಥಿತಿಯೇ ಒಂದು ಗುರುತಾಗಿ ನಿಂತು ನಡತೆಯನ್ನು ನಡೆಸಬಲ್ಲುದೆಂದು ಇಲಿಗಳಿಂದ ತಿಳಿದ ಮೇಲೆ, ಮೊದಲ ಗುಟುಕು ಒಳಗಿಳಿದ ಮೇಲೆ ಆಣೆಯನ್ನು ನೆನಪಿಸುವುದಕ್ಕಿಂತ ಆ ಗುಟುಕನ್ನೇ ತಪ್ಪಿಸುವುದು ಲೇಸೆಂದು ನನಗೆ ತೋರುತ್ತದೆ.