ಬೆಕ್ಕುಗಳನ್ನು ಮರುಳುಗೊಳಿಸುವ ಬಳ್ಳಿ ‘ಮತತಾಬಿ’

ಜಪಾನಿನ ಗುಡ್ಡಗಾಡುಗಳಲ್ಲಿ ಬೆಳೆಯುವ ಬಳ್ಳಿಯೊಂದರ ವಾಸನೆ ಬಡಿದರೆ ಸಾಕು, ಬೆಕ್ಕು ಮೈಮರೆಯುತ್ತದೆ. ಎಲೆಯನ್ನು ನೆಕ್ಕಿ, ಕಚ್ಚಿ, ಮುಖ ಉಜ್ಜಿ, ನೆಲದ ಮೇಲೆ ಹೊರಳಾಡುತ್ತದೆ. ಇದೇ ಮತತಾಬಿ. ಅತಿ ಪ್ರಿಯವಾದ ವಸ್ತುವನ್ನು ಸೂಚಿಸಲು ‘ಬೆಕ್ಕಿಗೆ ಮತತಾಬಿ’ ಎಂಬ ಮಾತೇ ಜಪಾನಿನಲ್ಲಿ ರೂಢಿಯಲ್ಲಿದೆ.

ಪರಿಚಯ: ಇದರ ಸಸ್ಯಶಾಸ್ತ್ರೀಯ ಹೆಸರು ಆಕ್ಟಿನಿಡಿಯಾ ಪಾಲಿಗಾಮ. ಕಿವಿ ಹಣ್ಣಿನ ಕುಲಕ್ಕೆ ಸೇರಿದ ಇದು ಜಪಾನ್ ಅಲ್ಲದೆ ಚೀನಾ, ಕೊರಿಯಾ ಹಾಗೂ ರಷ್ಯಾದ ಪೂರ್ವಭಾಗದಲ್ಲೂ ಕಂಡುಬರುತ್ತದೆ. ಹೂ ಬಿಡುವ ಕಾಲದಲ್ಲಿ ಎಲೆಗಳ ತುದಿ ಬೆಳ್ಳಗಾಗುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಲ್ವರ್ ವೈನ್’ ಎಂಬ ಹೆಸರು ಬಂದಿದೆ.

ಕಾರಣವೇನು?: ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಝಾಕಿ ಅವರ ತಂಡ 2021ರಲ್ಲಿ ಇದಕ್ಕೆ ಉತ್ತರ ನೀಡಿತು. ಎಲೆಯಲ್ಲಿರುವ ನೆಪೆಟಲಾಕ್ಟಾಲ್ ಎಂಬ ರಾಸಾಯನಿಕವೇ ಬೆಕ್ಕನ್ನು ಸೆಳೆಯುತ್ತದೆ. ಅದರ ವಾಸನೆಯಿಂದ ಬೆಕ್ಕಿನ ದೇಹದಲ್ಲಿ ಸುಖಾನುಭವ ಉಂಟುಮಾಡುವ ಎಂಡಾರ್ಫಿನ್ ಹೆಚ್ಚುತ್ತದೆ. ಆದರೆ ಇದು ಬರೀ ಮೋಜಲ್ಲ. ಈ ರಾಸಾಯನಿಕ ಮೈಗೆ ಅಂಟಿದ ಬೆಕ್ಕುಗಳ ಮೇಲೆ ಸೊಳ್ಳೆಗಳು ಕಡಿಮೆ ಕೂರುವುದನ್ನು ತಂಡ ದಾಖಲಿಸಿತು. ಎಲೆ ಜಜ್ಜಿದಾಗ ಇಂಥ ರಾಸಾಯನಿಕಗಳು ಒಟ್ಟಾರೆ ಸುಮಾರು ಹತ್ತು ಪಟ್ಟು ಹೆಚ್ಚು ಹೊರಸೂಸುತ್ತವೆ ಎಂದು 2022ರಲ್ಲಿ ಅದೇ ತಂಡ ತಿಳಿಸಿತು. ಬೆಕ್ಕು ಎಲೆಯನ್ನು ಕಚ್ಚಿ ಹರಿಯುವುದು ಹುಚ್ಚಾಟವಲ್ಲ, ಸೊಳ್ಳೆಯಿಂದ ಪಾರಾಗುವ ಉಪಾಯ ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ. ಮೃಗಾಲಯದ ಚಿರತೆ, ಜಾಗ್ವಾರ್‌ಗಳೂ ಈ ವಾಸನೆಗೆ ಸ್ಪಂದಿಸಿವೆ. ನಾಯಿ ಮತ್ತು ಇಲಿಗಳು ಮಾತ್ರ ನಿರ್ಲಿಪ್ತ.

ಎಲ್ಲ ಬೆಕ್ಕುಗಳಿಗೂ ಅಲ್ಲ: 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 100 ಬೆಕ್ಕುಗಳ ಪೈಕಿ ಸುಮಾರು ಶೇ 80ರಷ್ಟು ಮತತಾಬಿಗೆ ಮರುಳಾದವು. ಪ್ರಸಿದ್ಧ ಕ್ಯಾಟ್‌ನಿಪ್ ಗಿಡಕ್ಕೆ ಮಾತ್ರ ಮೂರರಲ್ಲೊಂದು ಬೆಕ್ಕು ಸ್ಪಂದಿಸಲಿಲ್ಲ.

ಚಟವಾಗದೇ?: ಬೆಕ್ಕು ಸಾಕಿದವರ ಸಹಜ ಆತಂಕವಿದು. ಉನ್ಮಾದ ಕೆಲವು ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಬೆಕ್ಕು ಎದ್ದು ತನ್ನ ಪಾಡಿಗೆ ಹೊರಟುಹೋಗುತ್ತದೆ. ಹೊರಗಿನಿಂದ ಮಾದಕವಸ್ತು ದೇಹ ಸೇರಿದಂತಲ್ಲ, ಇಲ್ಲಿ ಕೆಲಸ ಮಾಡುವುದು ದೇಹದ್ದೇ ಎಂಡಾರ್ಫಿನ್. ಆದರೂ ಕಡ್ಡಿಯ ತುಂಡುಗಳನ್ನು ಬೆಕ್ಕು ನುಂಗದಂತೆ ನಿಗಾ ಇಡುವುದು ಒಳಿತು.

ನಮ್ಮಲ್ಲಿ ಈ ಬಳ್ಳಿಯಿಲ್ಲ. ಆದರೆ ಹಿತ್ತಲಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರೂ ಬೆಕ್ಕುಗಳನ್ನು ಹೀಗೆಯೇ ಸೆಳೆಯುತ್ತದೆ. ಅದನ್ನು ಕಿತ್ತ ಜಾಗದಲ್ಲಿ ನಿಮ್ಮ ಬೆಕ್ಕು ಹೊರಳಾಡಿದರೆ ಅಚ್ಚರಿಪಡಬೇಕಿಲ್ಲ.